ತಾಮ್ರಪಟದ ಕವಿ ವಿಲಿಯಂ ಬ್ಲೇಕ್

ಆಂಗ್ಲ ಸಾಹಿತ್ಯವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳಿಗೆ ವಿಲಿಯಂ ಬ್ಲೇಕನ ಹೆಸರು ಅಪರಿಚಿತವಲ್ಲ. ಕುರಿಮರಿಯನ್ನು ಕುರಿತ ಒಂದು ಹಾಡು, ಹುಲಿಯನ್ನು ಕುರಿತ ಇನ್ನೊಂದು ಹಾಡು ಪಠ್ಯಪುಸ್ತಕಗಳಲ್ಲಿ ಅಕ್ಕಪಕ್ಕದಲ್ಲಿ ಸೇರಿಕೊಂಡು ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳಿಗೆ ಬಾಯಿಪಾಠವಾಗಿವೆ. ಪರೀಕ್ಷೆಗೆ ಬೇಕಾದಷ್ಟು ಓದಿ, ಈತನು ಅನುಭಾವಿ ಕವಿ, ರಮ್ಯ ಸಂಪ್ರದಾಯದ ಮುಂಗೋಳಿ ಎಂದು ಬರೆದು ಮುಗಿಸುವುದು ನಮ್ಮ ವಾಡಿಕೆ. ಆ ಹಾಡುಗಳು ಮೊದಲು ಜನರ ಕೈಗೆ ಹೇಗೆ ಬಂದವು ಎಂದು ವಿಚಾರಿಸುವವರು ಕಡಮೆ. ಅವುಗಳನ್ನು ಯಾವ ಪ್ರಕಾಶಕನೂ ಪ್ರಕಟಿಸಲಿಲ್ಲ. ಯಾವ ಮುದ್ರಣಾಲಯದಲ್ಲಿಯೂ ಅವುಗಳಿಗಾಗಿ ಮೊಳೆ ಜೋಡಿಸಲಿಲ್ಲ. ಕವಿಯೇ ಬರೆದು, ಕವಿಯೇ ಚಿತ್ರ ತೆಗೆದು, ತಾಮ್ರದ ತಗಡಿನ ಮೇಲೆ ಕವಿಯೇ ಮೂಡಿಸಿ, ಮನೆಯಲ್ಲಿದ್ದ ಯಂತ್ರದಲ್ಲಿ ಒತ್ತಿ, ಹೆಂಡತಿಯೊಡನೆ ಕುಳಿತು ಬಣ್ಣ ಹಾಕಿ, ಹೊಲಿದು, ಮಾರಿದ ಪುಸ್ತಕಗಳವು. ಸುಮಾರು 40 ವರ್ಷ ಆತನು ಹೀಗೆ ದುಡಿದನು. ಆದರೂ ಅವುಗಳಲ್ಲಿ ಒಂದೇ ಒಂದು ಪುಸ್ತಕದ ನೂರು ಪ್ರತಿಗಳು ಹೊರಬೀಳಲಿಲ್ಲ. ತನಗೂ ಓದುಗನಿಗೂ ನಡುವೆ ಯಾರೂ ಬೇಡವೆಂದು ಹಟ ಹಿಡಿದ ಈ ಮನುಷ್ಯನು ಆ ಹಟಕ್ಕೆ ಏನು ಬೆಲೆ ತೆತ್ತನು, ಅದರಿಂದ ಏನನ್ನು ಗಳಿಸಿದನು ಎಂಬುದನ್ನು ಹೇಳಬೇಕೆಂದೇ ಈ ಲೇಖನ.

ಬ್ಲೇಕನು 1757ನೆಯ ನವೆಂಬರ್ 28ರಂದು ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಹುಟ್ಟಿದನು. ತಂದೆ ಜೇಮ್ಸ್ ಬ್ಲೇಕನದು ಕಾಲುಚೀಲಗಳನ್ನು ಮಾರುವ ಅಂಗಡಿ. ಉಣ್ಣಲು ಉಡಲು ಕೊರತೆಯಿಲ್ಲದ, ಆದರೆ ದೊಡ್ಡಸ್ತಿಕೆಯೂ ಇಲ್ಲದ ಮನೆತನ. ಹುಡುಗನನ್ನು ಶಾಲೆಗೆ ಕಳುಹಿಸಲಿಲ್ಲ. ತಾಯಿಯೇ ಓದು ಬರಹ ಕಲಿಸಿದಳು. ನಾಲ್ಕು ವರ್ಷದವನಿದ್ದಾಗ ಕಿಟಕಿಯಲ್ಲಿ ದೇವರ ಮುಖವನ್ನು ಕಂಡು ಕಿರಿಚಿಕೊಂಡನಂತೆ. ಎಂಟು ಹತ್ತು ವರ್ಷದವನಾದಾಗ ಊರ ಹೊರಗಿನ ಪೆಕ್‌ಹ್ಯಾಮ್ ರೈ ಎಂಬ ಬಯಲಿನಲ್ಲಿ ಒಂದು ಮರದ ಕೊಂಬೆಕೊಂಬೆಯಲ್ಲೂ ದೇವದೂತರು ಕುಳಿತು ಹೊಳೆಯುತ್ತಿದ್ದುದನ್ನು ಕಂಡು ಮನೆಗೆ ಬಂದು ಹೇಳಿದನು. ಸುಳ್ಳು ಹೇಳುತ್ತಾನೆಂದು ತಂದೆ ಬೆತ್ತ ತೆಗೆದುಕೊಂಡನು; ತಾಯಿ ಅಡ್ಡ ಬಂದುದರಿಂದ ಏಟು ತಪ್ಪಿತು. ನಮ್ಮ ನಾಡಿನಲ್ಲಾಗಿದ್ದರೆ ಇಂಥ ಹುಡುಗನಿಗೆ ಬೆತ್ತದ ಬದಲು ಮಂಗಳಾರತಿ ಆಗುತ್ತಿತ್ತೋ ಏನೋ! ಅಂತೂ ಈ ಬಗೆಯ ದರ್ಶನಗಳು ಅವನನ್ನು ಸಾಯುವತನಕ ಬಿಡಲಿಲ್ಲ. ಅವುಗಳ ವಿಚಾರದಲ್ಲಿ ಅವನು ಯಾವಾಗಲೂ ತೀರ ಸಹಜವಾಗಿ, ನೆರೆಮನೆಯವರ ಸುದ್ದಿ ಹೇಳಿದಂತೆ ಮಾತನಾಡುತ್ತಿದ್ದನು. ಕೇಳಿದವರು ಗಾಬರಿಗೊಂಡುದು ಬಹುಶಃ ಇದರಿಂದಲೇ.

ಚಿತ್ರ ಬರೆಯುವುದರಲ್ಲಿ ಹುಡುಗನಿಗಿದ್ದ ಆಸಕ್ತಿಯನ್ನು ತಂದೆ ಮಾತ್ರ ಗುರುತಿಸಿದನು. ಹತ್ತನೆಯ ವಯಸ್ಸಿಗೆ ಹೆನ್ರಿ ಪಾರ್ಸ್ ಎಂಬವನ ಚಿತ್ರಶಾಲೆಗೆ ಸೇರಿಸಿದನು. ದೊಡ್ಡ ಚಿತ್ರಕಾರನೊಬ್ಬನ ಬಳಿ ಶಿಷ್ಯವೃತ್ತಿಗೆ ಬಿಡಬೇಕಾದರೆ ಹೆಚ್ಚು ಹಣ ತೆರಬೇಕಾಗಿತ್ತು. ಆದ್ದರಿಂದ 1772ರಲ್ಲಿ ಜೇಮ್ಸ್ ಬಸೈರ್ ಎಂಬ ಕೆತ್ತನೆಗಾರನ ಬಳಿ ಏಳು ವರ್ಷದ ಕರಾರಿನ ಮೇಲೆ ಬಿಟ್ಟರು; ತೆತ್ತ ಕಾಣಿಕೆ 52 ಪೌಂಡು 10 ಷಿಲಿಂಗು. ಛಾಯಾಚಿತ್ರವಿಲ್ಲದ ಆ ಕಾಲದಲ್ಲಿ ಪುಸ್ತಕಗಳಿಗೆ ಬೇಕಾದ ಚಿತ್ರಗಳನ್ನೆಲ್ಲ ತಾಮ್ರದ ತಗಡಿನ ಮೇಲೆ ಉಳಿಯಿಂದ ಕೊರೆದು ಅಚ್ಚು ತೆಗೆಯಬೇಕಾಗಿತ್ತು. ಕೆಲಸಕ್ಕೆ ಕೊರತೆಯಿಲ್ಲ, ಆದರೆ ಮರ್ಯಾದೆ ಕಡಮೆ. ಕೆತ್ತನೆಗಾರನೆಂದರೆ ಇನ್ನೊಬ್ಬರು ಬರೆದುದನ್ನು ನಕಲು ಮಾಡುವವನು ಎಂಬ ಭಾವನೆ ಬಲವಾಗಿತ್ತು. ಲಂಡನ್ನಿನ ರಾಯಲ್ ಅಕಾಡೆಮಿ ಇವರನ್ನು ಪೂರ್ಣ ಸದಸ್ಯರ ಪಂಕ್ತಿಯಲ್ಲಿ ಕೂರಿಸುತ್ತಿರಲಿಲ್ಲ. ಬ್ಲೇಕನು ಜೀವಮಾನವೆಲ್ಲ ಈ ಕಸುಬಿನಿಂದಲೇ ಹೊಟ್ಟೆ ಹೊರೆದನು. ಈ ಕಸುಬಿಗೆ ಅಂಟಿಕೊಂಡ ಅವಮಾನವನ್ನೂ ಉಂಡನು.

ಬಸೈರನು ಈ ಶಿಷ್ಯನನ್ನು ವೆಸ್ಟ್‌ಮಿನ್‌ಸ್ಟರ್ ಅಬೆಗೆ ಕಳುಹಿಸಿ, ಅಲ್ಲಿಯ ರಾಜರಾಣಿಯರ ಸಮಾಧಿಗಳ ಮೇಲಿನ ಶಿಲಾಮೂರ್ತಿಗಳನ್ನು ಬರೆದು ತರಲು ಹೇಳಿದನು. ಹದಿಹರೆಯದ ಹುಡುಗನು ಆ ಹಳೆಯ ಗುಡಿಯ ಕತ್ತಲೆಯಲ್ಲಿ ಗಂಟೆಗಟ್ಟಲೆ ಒಬ್ಬನೇ ಕುಳಿತು ಬರೆದನು. ಸ್ಫುಟವಾದ ರೇಖೆಯ ಮೇಲೆ ಅವನಿಗೆ ಹುಟ್ಟಿದ ಪ್ರೀತಿ ಅಲ್ಲಿಯದು. 1779ರಲ್ಲಿ ಶಿಷ್ಯವೃತ್ತಿ ಮುಗಿದು ರಾಯಲ್ ಅಕಾಡೆಮಿಯ ಶಾಲೆಗೆ ಸೇರಿದಾಗ, ಅಲ್ಲಿಯ ಅಧ್ಯಕ್ಷ ಸರ್ ಜೋಷುವ ರೆನಾಲ್ಡ್ಸನ ಬೋಧನೆ ಇವನಿಗೆ ರುಚಿಸಲಿಲ್ಲ. ಮುಂದೆ ರೆನಾಲ್ಡ್ಸನ ಉಪನ್ಯಾಸಗಳ ಪುಸ್ತಕವನ್ನು ಕೊಂಡು, ಪುಟಪುಟದ ಅಂಚಿನಲ್ಲೂ ಬೈಗುಳ ಬರೆದಿಟ್ಟಿದ್ದಾನೆ.

1782ನೆಯ ಆಗಸ್ಟ್ 18ರಂದು ಬ್ಯಾಟರ್ಸಿಯ ಚರ್ಚಿನಲ್ಲಿ ಬ್ಲೇಕನಿಗೆ ಕ್ಯಾಥರೀನ್ ಬೌಷರ್ ಎಂಬ ಕನ್ಯೆಯೊಡನೆ ವಿವಾಹವಾಯಿತು. ಆಕೆ ತರಕಾರಿ ಬೆಳೆದು ಮಾರುವವನ ಮಗಳು. ವಿವಾಹದ ದಫ್ತರದಲ್ಲಿ ಹೆಸರಿನ ಬದಲು ಒಂದು ಕತ್ತರಿ ಗುರುತು ಹಾಕಿದಳು, ಅಕ್ಷರ ಬಾರದು. ಬ್ಲೇಕನು ಆಕೆಗೆ ಓದು, ಬರಹ, ಚಿತ್ರಕ್ಕೆ ಬಣ್ಣ ತುಂಬುವುದು, ಅಚ್ಚಿನ ಯಂತ್ರ ನಡೆಸುವುದು ಎಲ್ಲವನ್ನೂ ಕಲಿಸಿದನು. ಇವರಿಗೆ ಮಕ್ಕಳಾಗಲಿಲ್ಲ. ಬ್ಲೇಕನ ಪುಸ್ತಕಗಳ ವಿಚಾರ ಬಂದಾಗಲೆಲ್ಲ ಅವನೊಬ್ಬನ ಹೆಸರನ್ನೇ ಹೇಳುವುದು ರೂಢಿ. ಬಣ್ಣ ತುಂಬಿದ ಪ್ರತಿಗಳಲ್ಲಿ ಈ ಹೆಂಗಸಿನ ಕೈಕೆಲಸ ಎಷ್ಟಿದೆಯೆಂದು ಬೇರ್ಪಡಿಸಿ ಹೇಳುವುದು ಸುಲಭವಲ್ಲ. ಇದೆಯೆಂಬುದರಲ್ಲಿ ಮಾತ್ರ ಸಂಶಯವಿಲ್ಲ.

ಅವನ ಮೊದಲ ಕವನಸಂಗ್ರಹವು 1783ರಲ್ಲಿ ಎಲ್ಲರ ಪುಸ್ತಕಗಳಂತೆ ಮೊಳೆಯಲ್ಲಿಯೇ ಅಚ್ಚಾಯಿತು. ಶಿಲ್ಪಿ ಫ್ಲಾಕ್ಸ್‌ಮನ್ ಮತ್ತು ಮ್ಯಾಥ್ಯೂ ಎಂಬ ಪಾದ್ರಿ ಖರ್ಚು ವಹಿಸಿಕೊಂಡರು. ಆದರೆ ಪುಸ್ತಕದ ಮೊದಲಲ್ಲಿ ಒಂದು ಮುನ್ನುಡಿ ಸೇರಿಸಿ, ಇವು ಓದಿಲ್ಲದ ಹುಡುಗನೊಬ್ಬನು ಬರೆದವು, ದೋಷಗಳಿವೆ, ತಿದ್ದಲು ಅವನಿಗೆ ಬಿಡುವಾಗಲಿಲ್ಲ ಎಂಬರ್ಥದ ಕ್ಷಮಾಪಣೆಯನ್ನು ಅಚ್ಚು ಹಾಕಿಸಿದರು. ಉಪಕಾರವೇನೋ ಹೌದು, ಆದರೆ ಇಪ್ಪತ್ತೈದು ವರ್ಷದ ಸ್ವಾಭಿಮಾನಿಗೆ ಅದನ್ನು ಓದಿ ಏನನ್ನಿಸಿರಬಹುದು! ಆ ಪುಸ್ತಕ ಅಂಗಡಿಗೆ ಬರಲೇ ಇಲ್ಲ. ಮತ್ತೆಂದೂ ಇನ್ನೊಬ್ಬರ ದಾಕ್ಷಿಣ್ಯದಿಂದ ಅವನ ಕವನಸಂಗ್ರಹವು ಹೊರಬರಲಿಲ್ಲ.

1784ರಲ್ಲಿ ತಂದೆ ತೀರಿಕೊಂಡನು. ಸಹೋದ್ಯೋಗಿಯೊಬ್ಬನೊಡನೆ ಸೇರಿ ಚಿತ್ರಗಳನ್ನು ಮಾರುವ ಅಂಗಡಿಯಿಟ್ಟುದು ಬಹುಕಾಲ ನಡೆಯಲಿಲ್ಲ. ಅಂಗಡಿಯಿಂದ ಉಳಿದುದು ಅಚ್ಚಿನ ಯಂತ್ರವೊಂದೇ ಎನ್ನಬಹುದು. ಆಗ ತಮ್ಮನಾದ ರಾಬರ್ಟನೂ ಇವರ ಜೊತೆಯಲ್ಲಿದ್ದನು. ಬ್ಲೇಕನಿಗೆ ಇವನೆಂದರೆ ಪಂಚಪ್ರಾಣ. ಒಂದು ದಿನ ರಾಬರ್ಟನಿಗೂ ಕ್ಯಾಥರೀನಳಿಗೂ ಮಾತಿಗೆ ಮಾತು ಬೆಳೆಯಿತು. ಬ್ಲೇಕನು ಎದ್ದು, ಮಂಡಿಯೂರಿ ರಾಬರ್ಟನ ಕ್ಷಮೆ ಕೇಳದಿದ್ದರೆ ತನ್ನ ಮುಖವನ್ನು ಇನ್ನು ನೋಡಲಾರೆ ಎಂದು ಹೆಂಡತಿಗೆ ಹೇಳಿದನಂತೆ. ಆಕೆ ಮನಸ್ಸಿಗೆ ಕಷ್ಟವಾದರೂ ಮಂಡಿಯೂರಿದಳು. ಕೂಡಲೇ ರಾಬರ್ಟನು ತಪ್ಪು ತನ್ನದೆಂದು ಒಪ್ಪಿಕೊಂಡನು. ಸ್ವಾತಂತ್ರ್ಯದ ಕವಿಯ ಮನೆಯಲ್ಲಿ ನಡೆದ ಈ ಸಂಗತಿಯನ್ನು ಅವನ ಭಕ್ತರು ಮೆಲ್ಲಗೆ ದಾಟಿಬಿಡುತ್ತಾರೆ, ದಾಟಬೇಕಾದುದಲ್ಲ.

1787ರ ಫೆಬ್ರವರಿಯಲ್ಲಿ ಆ ರಾಬರ್ಟನು ಕಾಯಿಲೆಯಿಂದ ತೀರಿಕೊಂಡನು. ಬ್ಲೇಕನು ಹದಿನೈದು ದಿನ ಹಗಲಿರುಳು ಹಾಸಿಗೆಯ ಬಳಿಯಿಂದ ಕದಲಲಿಲ್ಲ. ತಮ್ಮನ ಜೀವವು ಸಂತೋಷದಿಂದ ಚಪ್ಪಾಳೆ ತಟ್ಟುತ್ತ ಛಾವಣಿಯನ್ನು ದಾಟಿ ಮೇಲಕ್ಕೆ ಹೋದುದನ್ನು ಕಂಡೆನೆಂದು ಹೇಳಿದನು. ಆಮೇಲೆ ಮೂರು ದಿನ ಮೂರು ರಾತ್ರಿ ಎಚ್ಚರವಿಲ್ಲದೆ ನಿದ್ರೆ ಮಾಡಿದನು. ಆ ದಿನಗಳಲ್ಲಿ ಅವನ ತಲೆಯಲ್ಲಿ ಒಂದೇ ಚಿಂತೆ: ತನ್ನ ಹಾಡುಗಳನ್ನು, ಅವುಗಳ ಚಿತ್ರಗಳ ಸಮೇತ, ಮುದ್ರಕನಿಗೂ ಪುಸ್ತಕವ್ಯಾಪಾರಿಗೂ ಹಣ ಸುರಿಯದೆ ಹೊರತರುವುದು ಹೇಗೆ? ಒಂದು ರಾತ್ರಿ ಸತ್ತ ತಮ್ಮನು ಕಾಣಿಸಿಕೊಂಡು ಉಪಾಯವನ್ನು ತಿಳಿಸಿದನಂತೆ. ಬೆಳಗಾಗುತ್ತಲೇ ಕ್ಯಾಥರೀನ್ ಮನೆಯಲ್ಲಿದ್ದ ಎರಡೂವರೆ ಷಿಲಿಂಗನ್ನು ತೆಗೆದುಕೊಂಡು ಹೊರಟಳು. ಮನೆಯಲ್ಲಿದ್ದುದೇ ಅಷ್ಟು. ಅದರಲ್ಲಿ ಒಂದು ಷಿಲಿಂಗು ಹತ್ತು ಪೆನ್ನಿಗೆ ಬೇಕಾದ ಸಾಮಾನು ತಂದಳು ಎಂದು ಅವನ ಚರಿತ್ರೆಕಾರನು ಬರೆದಿದ್ದಾನೆ.

ಆ ಉಪಾಯವೇನೆಂಬುದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕದಂಬರ, ಗಂಗರ ತಾಮ್ರಪಟಗಳನ್ನು ನೋಡಿದವರಿಗೆ ಅಕ್ಷರಗಳನ್ನು ಲೋಹದೊಳಕ್ಕೆ ಕೊರೆದಿರುವುದು ಗೊತ್ತು. ಯೂರೋಪಿನ ಕೆತ್ತನೆಗಾರರೂ ಹೀಗೆಯೇ ಗೆರೆಯನ್ನು ಒಳಕ್ಕೆ ಕೊರೆದು, ಆ ಗೆರೆಯಲ್ಲಿ ಮಸಿ ತುಂಬಿ, ಕಾಗದಕ್ಕೆ ಒತ್ತುತ್ತಿದ್ದರು. ಬ್ಲೇಕನು ಇದನ್ನು ತಿರುಗುಮುರುಗು ಮಾಡಿದನು. ಆಮ್ಲ ತಾಗದಂಥ ಒಂದು ಬಗೆಯ ವಾರ್ನಿಷಿನಲ್ಲಿ ಕುಂಚವನ್ನೂ ಗರಿಯ ಲೇಖನಿಯನ್ನೂ ಅದ್ದಿ ತಗಡಿನ ಮೇಲೆ ಪದ್ಯವನ್ನೂ ಚಿತ್ರವನ್ನೂ ಬರೆದನು. ಕಾಗದದ ಮೇಲೆ ನೆಟ್ಟಗೆ ಮೂಡಬೇಕಾದರೆ ತಗಡಿನ ಮೇಲೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ ಬರೆಯಬೇಕು. ಆಮೇಲೆ ತಗಡಿನ ಸುತ್ತ ಮೇಣದ ಕಟ್ಟೆ ಕಟ್ಟಿ ಆಮ್ಲ ಸುರಿದರೆ, ಬರೆದ ಭಾಗ ಉಳಿದು ಮಿಕ್ಕ ತಾಮ್ರವೆಲ್ಲ ಕರಗಿ ತಗ್ಗಾಗುತ್ತದೆ. ಉಬ್ಬಿ ನಿಂತ ಅಕ್ಷರಕ್ಕೆ ಮಸಿ ಹಚ್ಚಿ, ಯಂತ್ರದ ಉರುಳೆಗಳ ನಡುವೆ ಮೆಲ್ಲಗೆ ಒತ್ತಿದರೆ ಪುಟ ಸಿದ್ಧ. ಒಂದು ಬಣ್ಣದ ಮಸಿಯಲ್ಲಿ ಅಚ್ಚಾದ ಪುಟಕ್ಕೆ ನೀರುಬಣ್ಣವನ್ನು ಕೈಯಿಂದ ತುಂಬುವರು. ಹೀಗಾಗಿ ಒಂದು ಪ್ರತಿಯಂತೆ ಇನ್ನೊಂದು ಇರುವುದಿಲ್ಲ. ಒಂದರಲ್ಲಿ ಹುಲಿಯ ಮೈ ಹಳದಿಯಾದರೆ ಇನ್ನೊಂದರಲ್ಲಿ ಬೇರೆಯ ಬಣ್ಣ. ಅವನ ಹಾಡುಗಳ ತಗಡು ನಮ್ಮ ಅಂಚೆ ಕಾರ್ಡಿಗಿಂತ ಚಿಕ್ಕದು. ಅಷ್ಟರಲ್ಲಿ ಪದ್ಯ, ಬಳ್ಳಿ, ಹಕ್ಕಿ, ಮಕ್ಕಳು, ಜ್ವಾಲೆ ಎಲ್ಲಕ್ಕೂ ಎಡೆಯುಂಟು.

ಇದರಲ್ಲಿ ಕೌಶಲವಿದೆ, ಉಳಿತಾಯವಿದೆ. ಎಲ್ಲಕ್ಕಿಂತ ಹೆಚ್ಚಾಗಿ ಸ್ವಾತಂತ್ರ್ಯವಿದೆ. ಪದ್ಯ ಬರೆಯುವವನೊಬ್ಬ, ಮೊಳೆ ಜೋಡಿಸುವವನೊಬ್ಬ, ಚಿತ್ರ ಬರೆಯುವವನೊಬ್ಬ, ಅದನ್ನು ಕೊರೆಯುವವನೊಬ್ಬ, ಮಾರುವವನೊಬ್ಬ ಎಂದು ಕೆಲಸವು ಹರಿದು ಹಂಚಿಹೋಗಿದ್ದ ಕಾಲದಲ್ಲಿ ಅಷ್ಟನ್ನೂ ಒಂದೇ ಮನೆಗೆ ತಂದುಕೊಂಡನು. ಬ್ಲೇಕನಿಗೆ ತಲೆ ಕೆಟ್ಟಿತ್ತೆಂದು ಹೇಳುವವರು ಆಗ ಬಹಳವಿದ್ದರು, ಈಗಲೂ ಕೆಲವರಿದ್ದಾರೆ. ಆಮ್ಲದ ಪಾತ್ರೆಯ ಮುಂದೆ ಕುಳಿತು, ತಾಮ್ರ ಎಷ್ಟು ಕರಗಿತೆಂದು ಗಳಿಗೆಗಳಿಗೆಗೆ ನೋಡುತ್ತ, ಹಿಂದುಮುಂದಾಗಿ ನೂರಾರು ಪುಟ ಬರೆದವನ ತಲೆ ನಮ್ಮ ನಿಮ್ಮ ತಲೆಗಿಂತ ಗಟ್ಟಿಯಾಗಿತ್ತೆಂದೇ ನನ್ನ ಅಭಿಪ್ರಾಯ.

1788ರಲ್ಲಿ ಚಿಕ್ಕ ಪ್ರಯೋಗಗಳು ಮುಗಿದವು. 1789ರಲ್ಲಿ ಸಾಂಗ್ಸ್ ಆಫ್ ಇನೊಸೆನ್ಸ್, ಎಂದರೆ ಮುಗ್ಧತೆಯ ಹಾಡುಗಳು, ಹೊರಬಂದಿತು. 1794ರಲ್ಲಿ ಅನುಭವದ ಹಾಡುಗಳು ಸೇರಿ ಎರಡೂ ಒಂದೇ ಪುಸ್ತಕವಾದವು. ತಾಮ್ರ ಉಳಿಸುವುದಕ್ಕಾಗಿ ಮುಗ್ಧತೆಯ ತಗಡುಗಳ ಹಿಂಬದಿಯಲ್ಲಿಯೇ ಅನುಭವದ ಹಾಡುಗಳನ್ನು ಮೂಡಿಸಿದನೆಂದು, ಅಳತೆಗಳನ್ನು ಹೋಲಿಸಿ ನೋಡಿದ ವಿದ್ವಾಂಸರು ಹೇಳುತ್ತಾರೆ. ಎರಡರಲ್ಲೂ ಹೊಗೆಗೂಡು ಗುಡಿಸುವ ಹುಡುಗರ ಮೇಲೆ ಒಂದೊಂದು ಹಾಡಿದೆ. ಲಂಡನ್ನಿನ ಮನೆಗಳ ಹೊಗೆಗೂಡು ಕಿರಿದು. ಅದರೊಳಗೆ ಹತ್ತಿ ಮಸಿ ಕೆರೆಯಲು ಐದಾರು ವರ್ಷದ ಬಡ ಮಕ್ಕಳನ್ನು ತಂದೆತಾಯಿಗಳಿಂದ ಕೊಂಡುಕೊಳ್ಳುತ್ತಿದ್ದರು. ಎಂಟು ವರ್ಷಕ್ಕೆ ಕಡಮೆಯವರನ್ನು ಹತ್ತಿಸಬಾರದೆಂದು 1788ರಲ್ಲಿ ಕಾನೂನು ಬಂದರೂ ಅದನ್ನು ಲೆಕ್ಕಕ್ಕಿಟ್ಟವರಿಲ್ಲ. ಮೊದಲ ಹಾಡಿನ ಹುಡುಗನು ಕನಸಿನಲ್ಲಿ ಸಮಾಧಾನ ಪಡೆಯುತ್ತಾನೆ. ಎರಡನೆಯದರಲ್ಲಿ ದೇವರು, ಪಾದ್ರಿ, ದೊರೆ ಮೂವರನ್ನೂ ಸೇರಿಸಿ ದೂರುತ್ತಾನೆ. 1824ರಲ್ಲಿ ಈ ಮಕ್ಕಳ ಪರವಾಗಿ ಜೇಮ್ಸ್ ಮಾಂಟ್ಗೊಮರಿ ಎಂಬವನು ಒಂದು ಪುಸ್ತಕವನ್ನು ಸಂಪಾದಿಸಿದಾಗ, ಚಾರ್ಲ್ಸ್ ಲ್ಯಾಂಬನು ಬ್ಲೇಕನ ಮೊದಲ ಹಾಡನ್ನು ಕಳುಹಿಸಿಕೊಟ್ಟನು. ಆ ಕ್ರೂರ ಪದ್ಧತಿಯನ್ನು ನಿಲ್ಲಿಸುವ ಬಿಗಿಯಾದ ಕಾನೂನು ಬಂದುದು 1875ರಲ್ಲಿ.

1793ರ ಅಕ್ಟೋಬರಿನಲ್ಲಿ ಬ್ಲೇಕನು ತನ್ನ ಪುಸ್ತಕಗಳಿಗೆ ಒಂದು ಜಾಹೀರಾತು ಹೊರಡಿಸಿದನು. ಹಾಡುಗಳು ಐದು ಷಿಲಿಂಗು, ಥೆಲ್ ಎಂಬ ಕಾವ್ಯ ಮೂರು, ಸ್ವರ್ಗ ನರಕಗಳ ವಿವಾಹ ಏಳೂವರೆ, ಅಮೆರಿಕ ಹತ್ತೂವರೆ. ಆಗ ಅವನ ಮನೆ ಲ್ಯಾಂಬೆತ್ತಿನಲ್ಲಿ. ಆ ಐದಾರು ವರ್ಷಗಳಲ್ಲಿ ಪುಸ್ತಕದ ಮೇಲೆ ಪುಸ್ತಕ ಹೊರಬಿತ್ತು. ಅಮೆರಿಕದ ಸ್ವಾತಂತ್ರ್ಯಯುದ್ಧ, ಫ್ರಾನ್ಸಿನ ಕ್ರಾಂತಿ, ಗುಲಾಮರ ವ್ಯಾಪಾರ, ಹೆಂಗಸರ ಬಂಧನ, ಧರ್ಮದ ಹೆಸರಿನಲ್ಲಿ ನಡೆಯುವ ದಬ್ಬಾಳಿಕೆ, ಇವೇ ವಸ್ತು. ಹೊಟ್ಟೆಪಾಡಿಗೆ ಜೋಸೆಫ್ ಜಾನ್‌ಸನ್ ಎಂಬ ಪುಸ್ತಕವ್ಯಾಪಾರಿಗೆ ಚಿತ್ರ ಕೆತ್ತಿಕೊಡುತ್ತಿದ್ದನು. ಜಾನ್‌ಸನ್ನನ ಸುತ್ತ ಟಾಮಸ್ ಪೇನ್, ಮೇರಿ ವುಲ್‌ಸ್ಟನ್‌ಕ್ರಾಫ್ಟ್, ವಿಲಿಯಂ ಗಾಡ್ವಿನ್ ಮೊದಲಾದ ಉಗ್ರ ವಿಚಾರದವರ ಕೂಟವೇ ಇತ್ತು. ಸ್ಟೆಡ್‌ಮನ್ ಎಂಬ ಸೈನಿಕನು ಸುರಿನಾಮಿನ ಗುಲಾಮರ ಪಾಡನ್ನು ಕುರಿತು ಬರೆದ, 1796ರಲ್ಲಿ ಪ್ರಕಟವಾದ ಗ್ರಂಥಕ್ಕೆ ಬ್ಲೇಕನು ಕೆತ್ತಿದ ಚಿತ್ರಗಳನ್ನು ಒಮ್ಮೆ ನೋಡಿದವರು ಮರೆಯಲಾರರು. ಪಕ್ಕೆಲುಬಿಗೆ ಕೊಕ್ಕೆ ಸಿಕ್ಕಿಸಿ ಜೀವಂತ ತೂಗುಹಾಕಿದ ಮನುಷ್ಯನ ಚಿತ್ರ ಅವುಗಳಲ್ಲೊಂದು.

ಈ ಜಾನ್‌ಸನ್ನನೇ 1791ರಲ್ಲಿ ಬ್ಲೇಕನ ಫ್ರೆಂಚ್ ಕ್ರಾಂತಿ ಎಂಬ ಕಾವ್ಯದ ಮೊದಲ ಭಾಗವನ್ನು ಮೊಳೆಯಲ್ಲಿ ಜೋಡಿಸಿದ್ದನು. ಕರಡು ಪ್ರತಿ ತೆಗೆದುದೂ ಆಯಿತು. ಪುಸ್ತಕ ಮಾತ್ರ ಹೊರಬರಲಿಲ್ಲ. ಮರುವರ್ಷ ಸರ್ಕಾರವು ರಾಜದ್ರೋಹದ ಬರಹಗಳ ವಿರುದ್ಧ ಘೋಷಣೆ ಹೊರಡಿಸಿತು. ಪೇನನು ಫ್ರಾನ್ಸಿಗೆ ಹೋದನು. ಜಾನ್‌ಸನ್ನನೇ 1799ರಲ್ಲಿ ಬೇರೊಂದು ಕರಪತ್ರ ಮಾರಿದ್ದಕ್ಕಾಗಿ ಆರು ತಿಂಗಳ ಸೆರೆವಾಸದ ಶಿಕ್ಷೆಗೆ ಗುರಿಯಾದನು. ಇಂಥ ಕಾಲದಲ್ಲಿ ಮನೆಯ ಅಚ್ಚಿನ ಯಂತ್ರದ ಅರ್ಥವೇ ಬೇರೆ. ಅಲ್ಲಿ ಹೆದರಿಕೊಳ್ಳುವ ಪ್ರಕಾಶಕನಿಲ್ಲ, ಹಿಂದೆಗೆಯುವ ಮುದ್ರಕನಿಲ್ಲ. ಆದರೆ ಅಷ್ಟೇ ಹೇಳಿ ಸುಮ್ಮನಾದರೆ ನ್ಯಾಯವಾಗುವುದಿಲ್ಲ. ಯಾರೂ ಇಲ್ಲದಿದ್ದುದರಿಂದ, ಇದು ಓದುಗನಿಗೆ ತಿಳಿಯದು, ಬಿಡಿಸಿ ಹೇಳು ಎನ್ನುವವನೂ ಇರಲಿಲ್ಲ. ಯುರೈಜನ್, ಲಾಸ್, ಆರ್ಕ್ ಎಂದು ತಾನೇ ದೇವತೆಗಳನ್ನು ಸೃಷ್ಟಿಸಿ, ತಾನೇ ಪುರಾಣ ಕಟ್ಟಿ, ಕೀಲಿಕೈಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡನು. ಅವನ ದೀರ್ಘ ಕಾವ್ಯಗಳನ್ನು ಕೊನೆಯತನಕ ಓದಿ ಆನಂದಪಟ್ಟೆನೆಂದು ಹೇಳುವವರನ್ನು ನಾನು ಸ್ವಲ್ಪ ಸಂದೇಹದಿಂದಲೇ ನೋಡುತ್ತೇನೆ.

1800ರಲ್ಲಿ ಬ್ಲೇಕ್ ದಂಪತಿಗಳು ಲಂಡನ್ ಬಿಟ್ಟು ಸಸೆಕ್ಸಿನ ಕಡಲತೀರದ ಫೆಲ್ಪ್‌ಹ್ಯಾಮ್ ಎಂಬ ಹಳ್ಳಿಗೆ ಹೋದರು. ವಿಲಿಯಂ ಹೇಲಿ ಎಂಬ ಶ್ರೀಮಂತ ಕವಿಯ ಆಶ್ರಯ. ಹೇಲಿ ಒಳ್ಳೆಯವನು, ಆದರೆ ಬೀಸಣಿಗೆಗೂ ಪುಟ್ಟ ಭಾವಚಿತ್ರಕ್ಕೂ ಇವನ ಕೈಯನ್ನು ದುಡಿಸಿಕೊಂಡು, ಸ್ವಂತ ಕಾವ್ಯವನ್ನು ಕಟ್ಟಿಡು ಎನ್ನುವ ಬಗೆಯ ಒಳ್ಳೆಯತನ. ಮೂರು ವರ್ಷದಲ್ಲಿ ಬ್ಲೇಕನಿಗೆ ಸಾಕಾಯಿತು. ಹೊರಡುವ ಮೊದಲು ಒಂದು ಕಂಟಕ ಬಂದಿತು. 1803ನೆಯ ಆಗಸ್ಟ್ 12ರಂದು ಸ್ಕೋಫೀಲ್ಡ್ ಎಂಬ ಸೈನಿಕನು ತೋಟದೊಳಕ್ಕೆ ಬಂದಿದ್ದನು. ಹೊರಗೆ ಹೋಗೆಂದರೆ ಹೋಗದೆ ಬಾಯಿ ಮಾಡಿದನು. ಗಿಡ್ಡ ಆಳಾದ ಬ್ಲೇಕನು ಹಿಂದಿನಿಂದ ಅವನ ಎರಡು ಮೊಳಕೈಗಳನ್ನೂ ಹಿಡಿದು, ಬೀದಿಯಲ್ಲಿ ನೂಕಿಕೊಂಡು ಹೋಗಿ ಅವನು ಇಳಿದುಕೊಂಡಿದ್ದ ಛತ್ರದ ಬಾಗಿಲಿಗೆ ಬಿಟ್ಟುಬಂದನು. ಸೈನಿಕನು ಸೇಡಿಗಾಗಿ, ಈತನು ದೊರೆಯನ್ನು ಶಪಿಸಿದನು, ನೆಪೋಲಿಯನ್ನನ ಪರ ಮಾತನಾಡಿದನು ಎಂದು ಪ್ರಮಾಣ ಮಾಡಿ ದೂರು ಕೊಟ್ಟನು. ಫ್ರೆಂಚರು ಇಂದೋ ನಾಳೆಯೋ ಅದೇ ಕಡಲತೀರಕ್ಕೆ ಇಳಿಯುತ್ತಾರೆಂಬ ಭಯವಿದ್ದ ದಿನಗಳವು. ರಾಜದ್ರೋಹದ ಆಪಾದನೆ ಆಟದ ಮಾತಲ್ಲ. 1804ನೆಯ ಜನವರಿ 11ರಂದು ಚಿಚೆಸ್ಟರಿನಲ್ಲಿ ವಿಚಾರಣೆ ನಡೆಯಿತು. ಹೇಲಿಯೇ ವಕೀಲನನ್ನಿಟ್ಟುಕೊಟ್ಟನು, ಹಳ್ಳಿಯವರು ಬ್ಲೇಕನ ಪರ ಸಾಕ್ಷಿ ನುಡಿದರು, ಬಿಡುಗಡೆಯಾಯಿತು. ಲಂಡನ್ನಿನಲ್ಲಿ ತಾಮ್ರದ ಮೇಲೆ ದೊರೆಗಳನ್ನೆಲ್ಲ ಹಿಗ್ಗಾಮುಗ್ಗಾ ಬೈದು ಬರೆದಾಗ ಕೇಳುವವರಿರಲಿಲ್ಲ. ಹಳ್ಳಿಯ ತೋಟದಲ್ಲಿ ಆಡಿದನೋ ಇಲ್ಲವೋ ತಿಳಿಯದ ಎರಡು ಮಾತಿಗೆ ನ್ಯಾಯಸ್ಥಾನ ಹತ್ತಬೇಕಾಯಿತು. ಓದುಗರಿಲ್ಲದಿದ್ದುದೂ ಒಂದು ರಕ್ಷಣೆಯೇ ಎನ್ನಬೇಕು.

ಲಂಡನ್ನಿಗೆ ಮರಳಿದ ಮೇಲಿನ ಹತ್ತು ಹದಿನೈದು ವರ್ಷಗಳು ಅವನ ಬಾಳಿನ ಕಷ್ಟಕಾಲ. 1805ರಲ್ಲಿ ಕ್ರೋಮೆಕ್ ಎಂಬ ವ್ಯಾಪಾರಿ, ಬ್ಲೇರ್ ಕವಿಯ ಸಮಾಧಿ ಎಂಬ ಕಾವ್ಯಕ್ಕೆ 20 ಚಿತ್ರಗಳನ್ನು 20 ಗಿನಿಗಳಿಗೆ ಕೊಂಡನು. ಚಿತ್ರಕ್ಕೆ ಸಿಕ್ಕುವುದು ಅಲ್ಪವಾದರೂ ಕೆತ್ತನೆಯ ಕೆಲಸ ತನಗೇ ಬರುವುದು, ಅದರಲ್ಲಿ ಲಾಭವಿದೆ ಎಂದು ಬ್ಲೇಕನು ನಂಬಿದ್ದನು. ಕ್ರೋಮೆಕನು ಕೆತ್ತನೆಯನ್ನು ಮೃದುವಾದ ಶೈಲಿಯ ಸ್ಕಿಯವೊನೆಟ್ಟಿಗೆ ವಹಿಸಿಬಿಟ್ಟನು. ಐನೂರಕ್ಕೂ ಹೆಚ್ಚು ಚಂದಾದಾರರನ್ನು ಕೂಡಿಸಿ 1808ರಲ್ಲಿ ಪುಸ್ತಕವನ್ನು ಹೊರತಂದನು. ಬ್ಲೇಕನ ಚಿತ್ರಗಳಲ್ಲಿ ಅವನ ಕಾಲದ ಜನ ಹೆಚ್ಚಾಗಿ ಕಂಡುದು ಇವನ್ನೇ. ಅವನಿಗೆ ದಕ್ಕಿದುದು ಆ 20 ಗಿನಿ. ಚಾಸರನ ಯಾತ್ರಿಕರ ಚಿತ್ರದ ವಿಚಾರದಲ್ಲಿಯೂ ಈ ಕ್ರೋಮೆಕನೇ ಬ್ಲೇಕನ ಕಲ್ಪನೆಯನ್ನು ಸ್ಟೊಥಾರ್ಡನಿಗೆ ದಾಟಿಸಿದನೆಂದು ಜಗಳವಾಯಿತು.

ಆಗ ಬ್ಲೇಕನು ಪುಸ್ತಕದಲ್ಲಿ ಮಾಡಿದ್ದನ್ನೇ ಚಿತ್ರದಲ್ಲಿಯೂ ಮಾಡಲು ಹೊರಟನು. 1809ರ ಮೇ ತಿಂಗಳಲ್ಲಿ, ತಾನು ಹುಟ್ಟಿದ ಮನೆಯಲ್ಲಿಯೇ, ಅಣ್ಣನ ಕಾಲುಚೀಲದ ಅಂಗಡಿಯ ಮೇಲೆ, 16 ಚಿತ್ರಗಳ ಪ್ರದರ್ಶನವನ್ನು ತಾನೇ ಏರ್ಪಡಿಸಿದನು. ವಿವರಣೆಯ ಪುಸ್ತಕವನ್ನೂ ತಾನೇ ಬರೆದನು. ಅದರ ಬೆಲೆ ಎರಡೂವರೆ ಷಿಲಿಂಗು. ಭಾರತೀಯರಾದ ನಾವು ಗಮನಿಸಬೇಕಾದ ಚಿತ್ರವೊಂದು ಅದರಲ್ಲಿತ್ತು. ಚಾರ್ಲ್ಸ್ ವಿಲ್ಕಿನ್ಸನು ಸಂಸ್ಕೃತದಿಂದ ಇಂಗ್ಲಿಷಿಗೆ ತಂದ ಭಗವದ್ಗೀತೆ 1785ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿತ್ತು. ವಿಲ್ಕಿನ್ಸನು ಬ್ರಾಹ್ಮಣರೊಡನೆ ಕುಳಿತು ಗೀತೆಯನ್ನು ಭಾಷಾಂತರಿಸುತ್ತಿರುವಂತೆ ಬ್ಲೇಕನು ಕಲ್ಪಿಸಿ ಬರೆದಿದ್ದನು. ಬ್ರಾಹ್ಮಣರ ಉಡುಪು ಸರಿಯಿಲ್ಲವೆಂದು ಯಾರೋ ಹೇಳಿರಬೇಕು. ಉಡುಪಿಗಿಂತ ನಡೆಯನ್ನು ಉಳಿಸುವುದು ಮುಖ್ಯ, ಪ್ರಾಚೀನರೂ ಹೀಗೆಯೇ ಮಾಡಿದರು ಎಂದು ವಿವರಣೆಯ ಪುಸ್ತಕದಲ್ಲಿ ಸಮಾಧಾನ ಹೇಳಿದ್ದಾನೆ. ಗೀತೆಯ ಆ ಚಿತ್ರವು ಆಮೇಲೆ ಕಳೆದುಹೋಯಿತು.

ಪ್ರದರ್ಶನಕ್ಕೆ ಜನ ಬರಲಿಲ್ಲ. ಬಂದ ಕೆಲವರಲ್ಲಿ ಕ್ರಾಬ್ ರಾಬಿನ್‌ಸನ್ ಎಂಬ ಸಾಹಿತ್ಯಪ್ರೇಮಿ ಒಬ್ಬನು. ವಿವರಣೆಯ ನಾಲ್ಕು ಪ್ರತಿಗಳನ್ನು ಒಟ್ಟಿಗೆ ಕೊಂಡು, ಇಷ್ಟು ಕೊಂಡೆನಲ್ಲ, ಇನ್ನೊಮ್ಮೆ ಬಂದರೆ ಹಣ ಕೇಳುವುದಿಲ್ಲ ತಾನೆ ಎಂದು ವಿಚಾರಿಸಿದನು. ಅಂಗಡಿಯಲ್ಲಿದ್ದ ಅಣ್ಣನು, ಬದುಕಿರುವವರೆಗೂ ಬರಬಹುದು ಎಂದನಂತೆ. ಅಂಥ ಉದಾರತೆಯನ್ನು ಅವನು ಅದುವರೆಗೆ ಕಂಡಿರಲಿಲ್ಲವೆಂದು ರಾಬಿನ್‌ಸನ್ನನು ಗುರುತು ಹಾಕಿಕೊಂಡಿದ್ದಾನೆ. ಪತ್ರಿಕೆಯಲ್ಲಿ ಬಂದುದು ಒಂದೇ ವಿಮರ್ಶೆ. ಎಕ್ಸಾಮಿನರ್ ಪತ್ರಿಕೆಯ ರಾಬರ್ಟ್ ಹಂಟ್ ಎಂಬವನು ಬ್ಲೇಕನನ್ನು ನಿರುಪದ್ರವಿಯಾದ ಹುಚ್ಚನೆಂದು ತೀರ್ಮಾನಿಸಿದನು. ಬ್ಲೇಕನಿಗೆ ಆಗ 51 ವರ್ಷ.

ಈ ದಿನಗಳಲ್ಲಿ ಮನೆಯಲ್ಲಿ ಹಣ ಮುಗಿದುದನ್ನು ಕ್ಯಾಥರೀನ್ ಬಾಯಿಬಿಟ್ಟು ಹೇಳುತ್ತಿರಲಿಲ್ಲವಂತೆ. ಹೇಳಿದರೆ ಗಂಡನು ಸಿಡುಕುತ್ತಿದ್ದನು. ಇದ್ದಷ್ಟು ದಿನ ಇದ್ದುದನ್ನು ಬಡಿಸಿ, ಕೊನೆಗೊಂದು ದಿನ ಊಟದ ಹೊತ್ತಿಗೆ ಬರಿಯ ತಟ್ಟೆಯನ್ನು ಅವನ ಮುಂದೆ ತಂದಿಡುವಳು. ಆಗ ಅವನು ಎದ್ದು ಕೂಲಿಯ ಕೆತ್ತನೆಗೆ ಕುಳಿತುಕೊಳ್ಳುವನು. ಟಾಮಸ್ ಬಟ್ಸ್ ಎಂಬ ಸರ್ಕಾರಿ ಗುಮಾಸ್ತನು ವರ್ಷಗಟ್ಟಲೆ ಬೈಬಲ್ಲಿನ ಚಿತ್ರಗಳನ್ನು ಒಂದೊಂದು ಗಿನಿಯಂತೆ ಕೊಳ್ಳದಿದ್ದರೆ ಆ ತಟ್ಟೆ ಇನ್ನೂ ಎಷ್ಟು ಸಲ ಬರಿದಾಗುತ್ತಿತ್ತೋ ಹೇಳಲಾಗದು. ಆ ಬಡತನದಲ್ಲಿಯೇ ಮಿಲ್ಟನ್ ಎಂಬ ಕಾವ್ಯವೂ, ನೂರು ತಗಡುಗಳ ಜೆರೂಸಲೆಮ್ ಎಂಬ ಕಾವ್ಯವೂ ಬೆಳೆದವು. ಮಿಲ್ಟನ್ನಿನ ಪ್ರತಿಗಳು ನಾಲ್ಕು ಮಾತ್ರ ಉಳಿದಿವೆ. ಅದರ ಮುನ್ನುಡಿಯಲ್ಲಿದ್ದ ಹದಿನಾರು ಸಾಲಿನ ಪದ್ಯಕ್ಕೆ 1916ರಲ್ಲಿ ಹ್ಯೂಬರ್ಟ್ ಪ್ಯಾರಿ ರಾಗ ಹಾಕಿದನು. ಇಂಗ್ಲೆಂಡಿನಲ್ಲಿ ಅದು ರಾಷ್ಟ್ರಗೀತೆಗೆ ಎರಡನೆಯದೆಂಬಂತೆ ಹಾಡಲ್ಪಡುತ್ತದೆ. ಹಾಡುವ ಸಾವಿರಾರು ಜನ ಆ ಪುಸ್ತಕದ ಮುಂದಿನ ಪುಟವನ್ನು ತಿರುವಿದವರಲ್ಲ.

1818ರಲ್ಲಿ ಜಾನ್ ಲಿನೆಲ್ ಎಂಬ ತರುಣ ಚಿತ್ರಕಾರನ ಪರಿಚಯವಾದುದು ಮುದುಕನ ಪುಣ್ಯ. 1821ರಲ್ಲಿ ಬ್ಲೇಕ್ ದಂಪತಿಗಳು ಸ್ಟ್ರಾಂಡಿನ ಬಳಿ ಫೌಂಟನ್ ಕೋರ್ಟಿನಲ್ಲಿ ಎರಡು ಕೋಣೆಗಳಿಗೆ ಬಂದರು. ಹಿಂದಿನ ಕೋಣೆಯೇ ಅಡಿಗೆಗೆ, ಮಲಗಲು, ಕೆಲಸಕ್ಕೆ. ಕಿಟಕಿಯಿಂದ ಥೇಮ್ಸ್ ನದಿಯ ಒಂದು ತುಣುಕು ಕಾಣುತ್ತಿತ್ತು. ಆ ವರ್ಷವೇ, ಚಿಕ್ಕಂದಿನಿಂದ ಕೂಡಿಸಿದ್ದ ಹಳೆಯ ಚಿತ್ರಗಳ ಸಂಗ್ರಹವನ್ನು ಮಾರಿಬಿಡಬೇಕಾಯಿತು. ಲಿನೆಲನು 1823ರಲ್ಲಿ ಯೋಬನ ಕಥೆಯ ಚಿತ್ರಗಳನ್ನು ಕೆತ್ತಿಕೊಡಲು ಕರಾರು ಮಾಡಿಕೊಂಡು, ಹಣವನ್ನು ಬೇಕಾದಾಗ ಸ್ವಲ್ಪ ಸ್ವಲ್ಪವಾಗಿ ಕೊಡುತ್ತ ಬಂದನು. 1826ರಲ್ಲಿ ಹೊರಬಂದ ಆ 22 ತಗಡುಗಳಲ್ಲಿ ಬಸೈರನ ಅಂಗಡಿಯಲ್ಲಿ ಕಲಿತ ಹಳೆಯ ಉಳಿಗೆಲಸವು ತನ್ನ ಪೂರ್ಣತೆಯನ್ನು ಪಡೆದಿದೆ. ಅದು ಮುಗಿಯುವ ಮೊದಲೇ ಡಾಂಟೆಯ ಕಾವ್ಯಕ್ಕೆ ಚಿತ್ರ ಬರೆಯಲು ಶುರುಮಾಡಿ, ಅದಕ್ಕಾಗಿ ಅರುವತ್ತು ದಾಟಿದ ವಯಸ್ಸಿನಲ್ಲಿ ಇಟಾಲಿಯನ್ ಭಾಷೆ ಕಲಿತನು. ಸ್ಯಾಮ್ಯುಯೆಲ್ ಪಾಮರ್, ಜಾರ್ಜ್ ರಿಚ್‌ಮಂಡ್ ಮೊದಲಾದ ಹುಡುಗರು ಅವನ ಬಾಗಿಲಿಗೆ ಗುರುವಿನ ಮನೆಗೆಂಬಂತೆ ಬರತೊಡಗಿದರು.

ತೀರಿಕೊಂಡ ವರ್ಷ ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲಿ ಬೆಲೆಗಳ ಪಟ್ಟಿಯೊಂದಿದೆ. ಎರಡೂ ಹಾಡುಗಳು ಸೇರಿ 10 ಪೌಂಡು 10 ಷಿಲಿಂಗು. 1793ರಲ್ಲಿ ಇವೇ 10 ಷಿಲಿಂಗಿಗೆ ಸಿಕ್ಕುತ್ತಿದ್ದವು. ಜೆರೂಸಲೆಮಿನ ಒಂದೇ ಒಂದು ಪ್ರತಿಗೆ ಪೂರ್ತಿ ಬಣ್ಣ ಹಾಕಿ ಮುಗಿಸಿರುವುದಾಗಿಯೂ, ಅದಕ್ಕೆ ಗಿರಾಕಿ ಸಿಕ್ಕುವ ನಂಬಿಕೆ ಇಲ್ಲವೆಂದೂ ತಿಳಿಸಿದ್ದಾನೆ. ಸಿಕ್ಕಲಿಲ್ಲ. ಗಿರಾಕಿ ಇಲ್ಲವೆಂದು ತಿಳಿದೂ ನೂರು ಪುಟಗಳಿಗೆ ಬಣ್ಣ ತುಂಬಿದ ಆ ಕೈಯನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

1827ನೆಯ ಆಗಸ್ಟ್ 12, ಭಾನುವಾರ. ಹಾಸಿಗೆ ಹಿಡಿದಿದ್ದರೂ ಕೆಲಸ ಬಿಟ್ಟಿರಲಿಲ್ಲ. ಕೊನೆಯ ದಿನಗಳಲ್ಲಿ ಉಳಿದಿದ್ದ ಷಿಲಿಂಗುಗಳಲ್ಲೊಂದನ್ನು ಪೆನ್ಸಿಲ್ ತರಲು ಕೊಟ್ಟನಂತೆ. ಕೆಲಸ ಕೆಳಗಿಟ್ಟು, ಅಳುತ್ತಿದ್ದ ಹೆಂಡತಿಯನ್ನು ಹಾಗೆಯೇ ಇರಲು ಹೇಳಿ ಆಕೆಯ ಚಿತ್ರ ಬರೆದನು. ಆಮೇಲೆ ತಾನೇ ಕಟ್ಟಿದ ಹಾಡುಗಳನ್ನು ಹಾಡುತ್ತ ಸಂಜೆ ಆರು ಗಂಟೆಗೆ ಪ್ರಾಣ ಬಿಟ್ಟನು. ರಿಚ್‌ಮಂಡನು ಕಣ್ಣು ಮುಚ್ಚಿದನು. ಬನ್‌ಹಿಲ್ ಫೀಲ್ಡ್ಸ್ ಎಂಬ ಸ್ಮಶಾನದಲ್ಲಿ ಹೂಳಿದರು. ಖರ್ಚಿಗೆ ಲಿನೆಲನು ಸಾಲ ಕೊಟ್ಟನು. ಮೇಲೆ ಕಲ್ಲು ನಿಲ್ಲಿಸಲಿಲ್ಲ. ಸರಿಯಾದ ಸ್ಥಳವನ್ನು ಪತ್ತೆ ಹಚ್ಚಿ ಹೆಸರಿನ ಕಲ್ಲನ್ನಿಟ್ಟುದು 2018ರ ಆಗಸ್ಟ್ 12ರಂದು. ಅದಕ್ಕೂ ಮುಂಚೆ, 1957ರಲ್ಲಿ, ಹುಟ್ಟಿ ಇನ್ನೂರು ವರ್ಷವಾದ ಸಂದರ್ಭದಲ್ಲಿ, ಎಪ್‌ಸ್ಟೈನ್ ಮಾಡಿದ ಅವನ ಕಂಚಿನ ತಲೆಯನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸ್ಥಾಪಿಸಿದರು. ಹುಡುಗನಾಗಿ ಅವನು ರಾಜರ ಸಮಾಧಿಗಳನ್ನು ನಕಲು ಮಾಡುತ್ತಿದ್ದ ಅದೇ ಗುಡಿಯಲ್ಲಿ.

ಕ್ಯಾಥರೀನ್ ಇನ್ನೂ ನಾಲ್ಕು ವರ್ಷ ಬದುಕಿದ್ದು, ಪುಸ್ತಕಗಳನ್ನೂ ಚಿತ್ರಗಳನ್ನೂ ಒಂದೊಂದಾಗಿ ಮಾರುತ್ತ, ಮಾರುವ ಮೊದಲು ಗಂಡನನ್ನು ಕೇಳುತ್ತೇನೆನ್ನುತ್ತ, 1831ರಲ್ಲಿ ಗತಿಸಿದಳು. ಉಳಿದುದೆಲ್ಲ ಟೇತಮ್ ಎಂಬ ಶಿಷ್ಯನ ಕೈಸೇರಿತು. ಈತನು ಆಮೇಲೆ ಒಂದು ಕಟ್ಟುನಿಟ್ಟಿನ ಮತಪಂಥಕ್ಕೆ ಸೇರಿ, ಇವು ಸೈತಾನನ ಪ್ರೇರಣೆಯೆಂದು ನಂಬಿ, ಹಸ್ತಪ್ರತಿಗಳನ್ನು ಸುಟ್ಟನೆಂದು ಹೇಳುತ್ತಾರೆ. 1847ರಲ್ಲಿ ಡಿ. ಜಿ. ರಾಸೆಟ್ಟಿ ಬ್ಲೇಕನ ಒಂದು ಟಿಪ್ಪಣಿ ಪುಸ್ತಕವನ್ನು ಹತ್ತು ಷಿಲಿಂಗಿಗೆ ಕೊಂಡನು. 1863ರಲ್ಲಿ ಗಿಲ್‌ಕ್ರಿಸ್ಟನ ಜೀವನಚರಿತ್ರೆ ಹೊರಬಂದಿತು. ಬರೆದವನು ನಡುವೆ ತೀರಿಕೊಳ್ಳಲು ಅವನ ಹೆಂಡತಿ ಆನ್ ಅದನ್ನು ಪೂರೈಸಿದಳು. ಅಲ್ಲಿಂದ ಮುಂದೆ ಸ್ವಿನ್‌ಬರ್ನ್, ಏಟ್ಸ್ ಮೊದಲಾದವರು ಅವನನ್ನು ಎತ್ತಿ ಹಿಡಿದರು. 1948ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ಮಿನ ಒಂದು ಕೋಣೆಯಲ್ಲಿ ಆಲೆನ್ ಗಿನ್ಸ್‌ಬರ್ಗ್ ಎಂಬ ತರುಣನು ಬ್ಲೇಕನ ದನಿಯೇ ತನಗೆ ಕೇಳಿಸಿತೆಂದು ನಂಬಿದನು. ಮುಂದೆ ಅಮೆರಿಕದ ಬಂಡಾಯ ಕವಿಗಳಲ್ಲಿ ಪ್ರಮುಖನಾದ ಈತನು 1962ರಲ್ಲಿ ನಮ್ಮ ದೇಶಕ್ಕೂ ಬಂದು ಕಾಶಿ ಕಲ್ಕತ್ತೆಗಳಲ್ಲಿ ತಿರುಗಿದನು.

ಬ್ಲೇಕನು ಉಬ್ಬಿಸಿ ಮೂಡಿಸಿದ ತಾಮ್ರದ ತಗಡುಗಳಿಗೆ ಏನಾಯಿತೆಂದರೆ, ಹಾಡುಗಳ ತಗಡುಗಳೂ ಸೇರಿ ಎಲ್ಲವೂ ಹಾಳಾದವು. ಸಿಕ್ಕಿರುವುದು ಬಟ್ಸನ ಮನೆತನದವರ ಬಳಿ ಉಳಿದಿದ್ದ ಒಂದು ಚೂರು, ಅಂಗೈಗಿಂತ ಚಿಕ್ಕದು. ಅಮೆರಿಕ ಎಂಬ ಪುಸ್ತಕಕ್ಕಾಗಿ ಬರೆದು, ಆಮ್ಲದಲ್ಲಿ ಮೂಡಿಸಿ, ಮನಸ್ಸಿಗೆ ಬಾರದೆ ಅವನೇ ಕತ್ತರಿಸಿ ಬಿಟ್ಟ ಪುಟ ಅದು.